ಒಂದೇ ನಗರ, ಎರಡು ಮಳೆ

೨೦೦೫ರ ಜುಲೈ ೨೬ರಂದು ಮುಂಬಯಿಯಲ್ಲಿ ಎಷ್ಟು ಮಳೆ ಬಿತ್ತು? ಕೊಲಾಬಾದ ಮಾಪಕದಲ್ಲಿ ೨೪ ಗಂಟೆಗೆ ಸುಮಾರು ೭೩ ಮಿಲಿಮೀಟರು, ಸಾಂತಾಕ್ರೂಜಿನಲ್ಲಿ ೯೪೪. ನಡುವಿನ ಅಂತರ ೨೫ ಕಿಲೋಮೀಟರೂ ಇಲ್ಲ. ಬೆಂಗಳೂರಿಗೆ ವರ್ಷವಿಡೀ ಬೀಳುವಷ್ಟು ಮಳೆ ಸಾಂತಾಕ್ರೂಜಿನಲ್ಲಿ ಹೆಚ್ಚುಕಡಿಮೆ ಒಂದೇ ದಿನ ಸುರಿಯಿತು.

ಎರಡರ ಸರಾಸರಿ ತೆಗೆದರೆ ಸುಮಾರು ೫೦೮. ಆ ಅಂಕಿ ಕೊಲಾಬಾಕ್ಕೂ ಸುಳ್ಳು, ಸಾಂತಾಕ್ರೂಜಿಗೂ ಸುಳ್ಳು. ಗುಡುಗಿನ ಮೋಡ ಒಂದು ಬಡಾವಣೆಯ ಮೇಲೆ ನಿಂತು ಸುರಿದರೆ ನೆರೆಯ ಪೇಟೆ ಒಣಗಿಯೇ ಇರಬಹುದು. ಇದು ಎಲ್ಲ ಊರುಗಳ ಮಾತು.

ಮೋಡಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ, ನಿಜ. ಆದರೆ ಬಿದ್ದ ನೀರು ತಗ್ಗನ್ನೇ ಹುಡುಕುತ್ತದೆ. ತಗ್ಗಿನಲ್ಲಿ ವಾಸಿಸುವವರು ಯಾರೆಂದು ಹೇಳಬೇಕಾಗಿಲ್ಲ. ಗಂಟೆಗೆ ೨೫ ಮಿಲಿಮೀಟರಿನ ಲೆಕ್ಕದಲ್ಲಿ ಕಟ್ಟಿದ ಹಳೆಯ ಚರಂಡಿಗಳು ಸೋತವು. ಸಮುದ್ರವೂ ಉಬ್ಬರದಲ್ಲಿತ್ತು. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾಗಳಲ್ಲಿ ಮನೆ, ಅಂಗಡಿಗಳು ಮುಳುಗಿದವು. ನಗರದಲ್ಲಿ ನೂರಾರು ಜನ ಸತ್ತರು.

ಆಮೇಲೆ ಮುಂಬಯಿ ನಗರಪಾಲಿಕೆ ಹಲವೆಡೆ ಸ್ವಯಂಚಾಲಿತ ಮಳೆಮಾಪಕಗಳನ್ನಿಟ್ಟಿತು. ಅಷ್ಟು ಜೀವ ತೆತ್ತು ಕಲಿತ ಪಾಠವನ್ನು ನಮ್ಮ ಊರುಗಳು ಜೀವ ತೆರದೆ ಕಲಿಯಬೇಕೆಂಬುದು ನಮ್ಮ ಒತ್ತಾಯ. ವಾರ್ಡಿಗೊಂದು ಮಾಪಕವಿರಲಿ. ಅದರ ಅಂಕಿಯನ್ನು ಜನರ ಕಣ್ಣಿಗೆ ಬೀಳುವಂತೆ ದಿನವೂ ಬರೆದು ಹಾಕಲಿ. ಚರಂಡಿಯ ಹಣವೂ ನೆರೆಪರಿಹಾರವೂ ಅದರಂತೆ ಹಂಚಿಕೆಯಾಗಲಿ.

ಇದನ್ನು ಗಿರಣಿ ಕೂಲಿಗಾರರೂ ಸಣ್ಣ ವ್ಯಾಪಾರಿಗಳೂ ಒಟ್ಟಾಗಿ ನಗರಸಭೆಯ ಮುಂದೆ ನಿಂತು ಕೇಳಬೇಕು. ನೀರು ನುಗ್ಗಿದ ದಿನ ಒಬ್ಬನ ಕೂಲಿ ಹೋಗುತ್ತದೆ, ಇನ್ನೊಬ್ಬನ ಸರಕು ಹೋಗುತ್ತದೆ. ಮುಂದಿನ ಮಳೆಗಾಲದವರೆಗೆ ಕಾಯುವುದು ಬೇಡವೆಂದು ನಾವು ಹೇಳುತ್ತೇವೆ.