‘ಇರುವೆ ಕಚ್ಚಿದಂಗೆ ಅಷ್ಟೇ’ ಅನ್ನೋ ಸುಳ್ಳು ಇನ್ನು ಸಾಕು

ಹೋದ ಸುಗ್ಗಿಯಲ್ಲಿ ಮೆಕ್ಕೆಜೋಳ ಕೊಯ್ಯುವಾಗ ನನ್ನ ಎಡಗೈಗೆ ಕುಡುಗೋಲು ತಗುಲಿತು. ಪತ್ರಿಕೆಗೆ ಸುದ್ದಿ ಬರೆಯೋನಾದರೂ ಸುಗ್ಗಿ ಬಂದರೆ ಹೊಲಕ್ಕೆ ಇಳಿಯಲೇಬೇಕಲ್ಲ. ಟವೆಲ್ ಸುತ್ತಿಕೊಂಡು, ತಮ್ಮನ ಬೈಕ್ ಹಿಂದೆ ಕೂತು ಆಸ್ಪತ್ರೆಗೆ ಹೋದೆ. ಯಾವ ಆಸ್ಪತ್ರೆ ಅಂತ ಹೇಳಲ್ಲ. ನಿಮ್ಮೂರಿನ ಹತ್ತಿರದ್ದೂ ಹಾಗೇ ಇರುತ್ತೆ.

‘ನಾಲ್ಕು ಹೊಲಿಗೆ ಬೇಕು. ಮೊದಲು ಮರಗಟ್ಟೋ ಇಂಜೆಕ್ಷನ್ ಕೊಡ್ತೀವಿ. ಇರುವೆ ಕಚ್ಚಿದಂಗೆ ಆಗುತ್ತೆ ಅಷ್ಟೇ’ ಅಂದರು.

ಇರುವೆ ಅಲ್ಲ ಸ್ವಾಮಿ, ಚರ್ಮದ ಒಳಗೆ ಕೆಂಡ ಇಟ್ಟಂಗಾಯ್ತು. ಕೂಗಿದೆ. ‘ಗಂಡಸಾಗಿ ಹಿಂಗೆ ಕೂಗ್ತೀಯಲ್ಲಪ್ಪ’ ಅಂತ ನಕ್ಕರು. ಔಷಧ ಒಳಗೆ ಹೋಗಿ ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಹೊಲಿಗೆ ಶುರು. ಮೊದಲ ಎರಡು ಹೊಲಿಗೆ ಪೂರ್ತಿ ಗೊತ್ತಾಯ್ತು. ಕೈ ಸರಿಯಾಗಿ ಮರಗಟ್ಟಿದ್ದು ಬ್ಯಾಂಡೇಜ್ ಕಟ್ಟುವಾಗ!

ಪಕ್ಕದ ಮಂಚದಲ್ಲಿ ಆರು ವರ್ಷದ ಹುಡುಗ, ಹಣೆ ಒಡೆದಿತ್ತು. ನಾಲ್ಕು ಜನ ಕೈಕಾಲು ಅದುಮಿ ಹಿಡಿದಿದ್ದರು. ‘ಏನೂ ಆಗಲ್ಲ ಕಂದಾ’ ಅಂತ ಅವನ ಅಮ್ಮ ಅಳುತ್ತಾ ಹೇಳುತ್ತಿದ್ದಳು. ಅವನಿಗೆ ಆಗುತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ಕೈ ವಾಸಿಯಾದ ಮೇಲೆ ಈ ಇಂಜೆಕ್ಷನ್ ಬಗ್ಗೆ ಓದಿದೆ, ಪರಿಚಯದ ಡಾಕ್ಟರುಗಳನ್ನು ಕೇಳಿದೆ. ತಿಳಿದದ್ದು ಒಂದೇ ಮಾತು: ಆ ನೋವಿನಲ್ಲಿ ದೊಡ್ಡ ಪಾಲು ನಾವು ಅನುಭವಿಸಬೇಕಾಗೇ ಇರಲಿಲ್ಲ.

ಮೊದಲು, ಅದು ಯಾಕೆ ಉರಿಯುತ್ತೆ ನೋಡಿ. ಹೊಲಿಗೆ ಹಾಕುವಾಗ, ಕುರು ಕೊಯ್ಯುವಾಗ, ಹಲ್ಲು ಕೀಳುವಾಗ ಸಾಮಾನ್ಯವಾಗಿ ಕೊಡೋದು ಲಿಗ್ನೋಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಔಷಧ. ಬಹಳ ಒಳ್ಳೆಯ ಔಷಧ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಅದು ಬಾಟಲಿಯಲ್ಲಿ ಕೆಡದೆ ಇರಲಿ ಅಂತ ಹುಳಿಯಾಗಿ, ಅಂದರೆ ಆಮ್ಲೀಯವಾಗಿ ಇಟ್ಟಿರುತ್ತಾರೆ. ನಮ್ಮ ರಕ್ತದ ಪಿಎಚ್ 7.4. ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್‌ನದ್ದು ಸುಮಾರು 4, ಹೆಚ್ಚುಕಡಿಮೆ ಹುಳಿ ಮಜ್ಜಿಗೆಯಷ್ಟು. ಹಸಿ ಗಾಯಕ್ಕೆ ಹುಳಿ ಬಿದ್ದರೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜೊತೆಗೆ ಜೋರಾಗಿ ಒತ್ತಿದರೆ ಔಷಧ ಒಳಗಿನ ಮಾಂಸವನ್ನು ಒಮ್ಮೆಲೇ ಹಿಗ್ಗಿಸುತ್ತೆ. ಅದರ ನೋವು ಬೇರೆ.

ಇದನ್ನು ಕಡಿಮೆ ಮಾಡೋ ದಾರಿ ವೈದ್ಯರಿಗೆ ಗೊತ್ತಿಲ್ಲದ್ದೇನಲ್ಲ.

ಒಂದು, ನಿಧಾನ. ಸಣ್ಣ ಸೂಜಿ ಹಾಕಿ, ಔಷಧವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ನೋವು ಇಳಿಯುತ್ತೆ. ಸೂಜಿಯ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದು. 27 ಅಥವಾ 30ನೇ ನಂಬರ್ ಇದಕ್ಕೆ ಒಳ್ಳೆಯದು.

ಎರಡು, ಬಿಸುಪು. ತಣ್ಣಗಿನ ಔಷಧಕ್ಕಿಂತ ಮೈಬಿಸಿಯಷ್ಟು ಬೆಚ್ಚಗಾದ ಔಷಧ ಕಡಿಮೆ ನೋಯಿಸುತ್ತೆ.

ಮೂರು, ಸೋಡಿಯಂ ಬೈಕಾರ್ಬನೇಟ್. ಒಂಬತ್ತು ಭಾಗ ಲಿಗ್ನೋಕೇನ್‌ಗೆ ಒಂದು ಭಾಗ ಇದನ್ನು ಬೆರೆಸಿದರೆ ಹುಳಿ ಮುರಿಯುತ್ತೆ, ಉರಿ ತಗ್ಗುತ್ತೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ವಿಮರ್ಶೆ 2010ರಲ್ಲೇ ಇದನ್ನು ಹೇಳಿದೆ. ಇದು ಆಸ್ಪತ್ರೆಯ ಶುದ್ಧ ಆಂಪೂಲ್, ಅಡುಗೆಮನೆ ಸೋಡಾ ಅಲ್ಲ. ಬೆರೆಸಬೇಕಾದವರು ಡಾಕ್ಟರು, ನಾವಲ್ಲ.

ನಾಲ್ಕು, ಚುಚ್ಚುವ ಜಾಗ. ಗಾಯ ಕೊಳಕಾಗಿಲ್ಲದಿದ್ದರೆ, ಗಟ್ಟಿ ಚರ್ಮಕ್ಕೆ ಚುಚ್ಚುವ ಬದಲು ಗಾಯದ ತೆರೆದ ಅಂಚಿನ ಒಳಗಿಂದ ಕೊಟ್ಟರೆ ನೋವು ಕಡಿಮೆ. ಎರಡನೇ ಚುಚ್ಚನ್ನು ಆಗಲೇ ಮರಗಟ್ಟಿದ ಜಾಗದಿಂದ ಶುರು ಮಾಡಿದರೆ ಅದು ಗೊತ್ತೇ ಆಗಲ್ಲ.

ಐದು, ಕಾಯುವುದು. ಲಿಗ್ನೋಕೇನ್ ಕೆಲಸ ಮಾಡೋಕೆ ಕೆಲವು ನಿಮಿಷ ಬೇಕು. ಔಷಧ ಕೊಟ್ಟು, ಅದು ಹಿಡಿಯೋ ಮೊದಲೇ ಹೊಲಿಯೋದು ಅಂದರೆ ಬಿತ್ತಿದ ಮರುದಿನವೇ ಕಳೆ ಕೀಳೋಕೆ ಹೋದಂಗೆ. ಕೀವು ತುಂಬಿದ ಕುರುವಿನಲ್ಲಂತೂ ಆ ಜಾಗವೇ ಹುಳಿಯಾಗಿರೋದರಿಂದ ಔಷಧ ಸರಿಯಾಗಿ ಹಿಡಿಯಲ್ಲ. ಅಲ್ಲಿ ಸುತ್ತಲಿಂದ ಮರಗಟ್ಟಿಸಬೇಕು, ಇನ್ನಷ್ಟು ತಾಳ್ಮೆ ಬೇಕು.

ಗಾಯವಿಲ್ಲದ ಚರ್ಮದಲ್ಲಿ ಸಣ್ಣ ಗಂಟು ತೆಗೆಯೋದಾದರೆ ಮೊದಲೇ ಹಚ್ಚುವ ಮರಗಟ್ಟಿಸೋ ಕ್ರೀಮ್ ಇದೆ. ಹಚ್ಚಿ, ಮುಚ್ಚಿ, ಸುಮಾರು ಒಂದು ಗಂಟೆ ಬಿಡಬೇಕು. ನಮ್ಮ ಹೊರರೋಗಿ ವಿಭಾಗದ ಬೆಂಚಿನಲ್ಲಿ ಹೇಗೂ ಅದಕ್ಕಿಂತ ಹೆಚ್ಚು ಹೊತ್ತು ಕೂತಿರ್ತೀವಲ್ಲ!

ಈಗ ಅವರ ವಾದ ಕೇಳೋಣ. ‘ಹೊರಗೆ ಅರವತ್ತು ಜನ ನಿಂತಿದ್ದಾರೆ, ಒಬ್ಬನಿಗೆ ಇಷ್ಟೊತ್ತು ಎಲ್ಲಿಂದ ತರೋದು?’ ಈ ಮಾತಲ್ಲಿ ನಿಜ ಇದೆ. ಒಬ್ಬ ಡಾಕ್ಟರ್, ಇಬ್ಬರು ನರ್ಸ್ ಇಡೀ ಹೋಬಳಿಯನ್ನು ಎಳೀತಿರೋದನ್ನು ನಾನೇ ವರದಿ ಮಾಡಿದ್ದೇನೆ. ಆದರೆ ನಿಧಾನ ಕೊಡೋಕೆ ಹೆಚ್ಚು ಬೇಕಾಗೋದು ಒಂದು ನಿಮಿಷ. ಔಷಧ ಹಿಡಿಯೋ ಹೊತ್ತಲ್ಲಿ ಇನ್ನೊಬ್ಬರ ಬಿ.ಪಿ. ನೋಡಬಹುದು, ಚೀಟಿ ಬರೆಯಬಹುದು. ನಾಲ್ಕು ಜನ ಸೇರಿ ಒಂದು ಮಗುವನ್ನು ಅದುಮಿ ಹಿಡಿಯೋಕೆ ಹೋಗೋ ಹೊತ್ತನ್ನು ಯಾರಾದರೂ ಲೆಕ್ಕ ಹಾಕಿದ್ದಾರಾ?

‘ಒಂದೇ ಹೊಲಿಗೆ ತಾನೇ, ಇಂಜೆಕ್ಷನ್ ಕೊಟ್ಟರೂ ಚುಚ್ಚು, ಹೊಲಿದರೂ ಚುಚ್ಚು’ ಅಂತ ಔಷಧವನ್ನೇ ಬಿಡೋರೂ ಇದ್ದಾರೆ. ಇಂಜೆಕ್ಷನ್ ಕೊಡೋ ರೀತಿ ಸರಿಯಿಲ್ಲದ್ದಕ್ಕೆ ಈ ಲೆಕ್ಕ ಹುಟ್ಟಿದ್ದು. ಸರಿಯಾಗಿ ಕೊಟ್ಟರೆ ಎರಡೂ ಒಂದೇ ಅಲ್ಲ.

‘ಹಳ್ಳಿಯೋರು ಗಟ್ಟಿ, ತಡ್ಕೋತಾರೆ’ ಅನ್ನೋದು ಮೂರನೇ ಮಾತು. ನನಗೆ ಸಿಟ್ಟು ಬರೋದು ಇದಕ್ಕೆ. ಗದ್ದೆಯಲ್ಲಿ ದುಡಿದ ಕೈಯ ಚರ್ಮ ದಪ್ಪ ಇರಬಹುದು, ಒಳಗಿನ ನರ ದಪ್ಪ ಇರಲ್ಲ. ನಾವು ತಡ್ಕೊಳ್ಳೋದು ನೋವಾಗಲ್ಲ ಅಂತಲ್ಲ, ಬೇರೆ ದಾರಿ ಇದೆ ಅಂತ ಯಾರೂ ಹೇಳಿಲ್ಲ ಅಂತ.

‘ಎರಡು ನಿಮಿಷದ ನೋವಿಗೆ ಇಷ್ಟುದ್ದ ಬರೀಬೇಕಾ?’ ಅಂತ ನೀವೂ ಕೇಳಬಹುದು. ನಮ್ಮ ಬೀದಿಯ ಅಜ್ಜನೊಬ್ಬರ ಕಥೆ ಕೇಳಿ. ಸಕ್ಕರೆ ಕಾಯಿಲೆ. ಹಿಂದೊಮ್ಮೆ ಬೆನ್ನ ಮೇಲಿನ ಕುರು ಕೊಯ್ಸಿಕೊಂಡಾಗ ಜೀವ ಹೋಗಿ ಬಂದಿತ್ತಂತೆ. ಆಮೇಲೆ ಕಾಲಿನ ಹೆಬ್ಬೆರಳಿಗೆ ಗಾಯವಾದಾಗ ಮನೆಯವರಿಗೆ ತೋರಿಸಲೇ ಇಲ್ಲ. ಅರಿಶಿನ ಮೆತ್ತಿ, ಸಾಕ್ಸ್ ಹಾಕಿಕೊಂಡು ಓಡಾಡಿದರು. ವಾಸನೆ ಬಂದ ಮೇಲೆ ಗೊತ್ತಾಯ್ತು. ಬೆರಳು ತೆಗೆಯಬೇಕಾಯ್ತು. ‘ಯಾಕಜ್ಜಾ ಹೇಳಲಿಲ್ಲ?’ ಅಂದೆ. ‘ಆ ಸೂಜಿ ಮತ್ತೆ ಬ್ಯಾಡ ಅನ್ನಿಸ್ತು ಮಗಾ’ ಅಂದರು.

ಹಣೆ ಒಡೆದುಕೊಂಡ ಆ ಹುಡುಗ ನಾಳೆ ಕಾಲಿಗೆ ತುಕ್ಕು ಮೊಳೆ ಚುಚ್ಚಿದರೆ ಅಮ್ಮನಿಗೆ ಹೇಳ್ತಾನಾ? ಧನುರ್ವಾಯು ಇಂಜೆಕ್ಷನ್‌ಗೆ ಕೈ ಚಾಚ್ತಾನಾ? ನನಗೆ ಇರೋ ಭಯ ಅದು.

ಹಾಗಾಗಿ ಮುಂದಿನ ಸಲ ಹೊಲಿಗೆಗೋ ಹಲ್ಲಿಗೋ ಹೋದಾಗ ಬಾಯಿ ಬಿಟ್ಟು ಕೇಳಿ, ಜಗಳ ಬೇಡ: ‘ಮೇಡಂ, ಸ್ವಲ್ಪ ನಿಧಾನ ಕೊಡ್ತೀರಾ?’ ‘ಸಣ್ಣ ಸೂಜಿ ಇದೆಯಾ ಸರ್?’ ‘ಮರಗಟ್ಟಿದೆಯಾ ಅಂತ ಒಮ್ಮೆ ಮುಟ್ಟಿ ನೋಡಿ ಆಮೇಲೆ ಹೊಲೀರಿ.’ ಹಿಂದೆ ಈ ಇಂಜೆಕ್ಷನ್‌ನಿಂದ ತೊಂದರೆ ಆಗಿದ್ದರೆ, ಹೃದಯದ ಕಾಯಿಲೆ ಇದ್ದರೆ ಮೊದಲೇ ಹೇಳಿ. ಮಗುವಿಗಾದರೆ ‘ಇರುವೆ’ ಅಂತ ಸುಳ್ಳು ಹೇಳಬೇಡಿ. ‘ಸ್ವಲ್ಪ ಉರಿಯುತ್ತೆ, ಆಮೇಲೆ ಹೋಗುತ್ತೆ, ನಾನು ಇಲ್ಲೇ ಇರ್ತೀನಿ’ ಅನ್ನಿ. ಮಡಿಲಲ್ಲಿ ಕೂರಿಸಿಕೊಳ್ಳಿ, ಮೊಬೈಲಲ್ಲಿ ಏನಾದರೂ ತೋರಿಸಿ. ಗಮನ ಬೇರೆ ಕಡೆ ಹೋದರೆ ಮಕ್ಕಳಿಗೆ ಸೂಜಿಯ ನೋವು ನಿಜವಾಗಲೂ ಕಡಿಮೆಯಾಗುತ್ತೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ, ನಮಗೆ ಏನು ಚಿಕಿತ್ಸೆ ಮಾಡ್ತಿದ್ದಾರೆ ಅಂತ ತಿಳಿಯೋ ಹಕ್ಕೂ ಇದೆ. ಕೇಳಿದರೆ ಅಧಿಕಪ್ರಸಂಗ ಆಗಲ್ಲ.

ನಿಮ್ಮೂರಿನವರು ಯಾರಾದರೂ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿದ್ದರೆ ಅವರಿಗೂ ಒಂದು ಮಾತು. ಸಭೆಯಲ್ಲಿ ಬರೀ ಪೇಂಟು, ನಲ್ಲಿ, ಕಾಂಪೌಂಡ್ ವಿಚಾರ ಬೇಡ. ಸಣ್ಣ ಸೂಜಿ ಸ್ಟಾಕ್ ಇದೆಯಾ, ಬೈಕಾರ್ಬನೇಟ್ ಆಂಪೂಲ್ ಹೊಲಿಗೆ ಕೋಣೆಯಲ್ಲಿ ಇದೆಯಾ ಅಂತ ಕೇಳಿ. ಕಟ್ಟಡ ಕಟ್ಟಿಸುವ ಖರ್ಚೇನಲ್ಲ ಇದು.

ನನ್ನ ಕೈ ಮೇಲೆ ನಾಲ್ಕು ಹೊಲಿಗೆಯ ಗುರುತಿದೆ. ಹೊಲಿದವರ ಮೇಲೆ ದ್ವೇಷ ಇಲ್ಲ, ಕೈ ಉಳಿಸಿದ್ದು ಅವರೇ. ಆದರೆ ಆ ಗುರುತು ನೋಡಿದಾಗ ಕುಡುಗೋಲು ನೆನಪಾಗಲ್ಲ, ಸೂಜಿ ನೆನಪಾಗುತ್ತೆ. ಹಂಗಾಗಬಾರದಿತ್ತು.