ಅನಿಲಕ್ಕಿರುವ ಬೆಲೆ ಜೀವಕ್ಕಿಲ್ಲವೇ?

2014ರ ಜೂನ್ 27ರ ಮುಂಜಾನೆ. ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿಯ ಜನ ಇನ್ನೂ ಸರಿಯಾಗಿ ನಿದ್ದೆಯಿಂದ ಎದ್ದಿರಲಿಲ್ಲ. ಊರ ಬದಿಯಲ್ಲಿ ನೆಲದಡಿ ಹಾದುಹೋಗಿದ್ದ ಗೇಲ್ ಸಂಸ್ಥೆಯ 18 ಇಂಚಿನ ಕೊಳವೆಯಿಂದ ಅನಿಲ ಸೋರಿ, ತೆಂಗಿನ ತೋಟಗಳ ನಡುವೆ ಮಂಜಿನಂತೆ ಹರಡಿತ್ತು. ಯಾವುದೋ ಒಂದು ಕಿಡಿ ಸಾಕಾಯಿತು. 20ಕ್ಕೂ ಹೆಚ್ಚು ಮಂದಿ ಬೆಂದು ಸತ್ತರು. ಮನೆ, ಅಂಗಡಿ, ತೋಟಗಳೆಲ್ಲ ಕರಕಲಾದವು.

ಇದನ್ನು ಅಪಘಾತವೆಂದು ಕರೆಯುವುದು ನಮ್ಮ ಅಧಿಕಾರಿಗಳ ರೂಢಿ. ಆದರೆ ಕೇಂದ್ರ ಪೆಟ್ರೋಲಿಯಂ ಸಚಿವಾಲಯ ನೇಮಿಸಿದ್ದ ಸಮಿತಿಯೇ ಬೇರೊಂದು ಕಥೆ ಹೇಳಿತು. ಆ ಕೊಳವೆ ಒಣ ಅನಿಲಕ್ಕಾಗಿ ಹಾಕಿದ್ದು. ಅದರಲ್ಲಿ ಹರಿದದ್ದು ನೀರಿನಂಶ ತುಂಬಿದ ಅನಿಲ. ನೀರಿನಂಶ ತೆಗೆಯುವ ಘಟಕವನ್ನು ಸ್ಥಾಪಿಸಬೇಕಿತ್ತು, ಸ್ಥಾಪಿಸಿರಲಿಲ್ಲ. ಕೊಳವೆ ಒಳಗಿನಿಂದಲೇ ತುಕ್ಕು ಹಿಡಿಯಿತು. ತುಕ್ಕು ಒಂದು ರಾತ್ರಿಯಲ್ಲಿ ಹಿಡಿಯುವುದಿಲ್ಲ. ವರ್ಷಗಳ ಕಾಲ ಅದು ಕಬ್ಬಿಣವನ್ನು ತಿನ್ನುತ್ತಿದ್ದಾಗ ಸಹಿ ಹಾಕುವವರು ಸಹಿ ಹಾಕುತ್ತಲೇ ಇದ್ದರು.

ಸತ್ತವರ ಕುಟುಂಬಗಳಿಗೆ ಪರಿಹಾರ ಘೋಷಣೆಯಾಯಿತು, ಕೆಲವು ಅಧಿಕಾರಿಗಳು ಅಮಾನತಾದರು. ಪರಿಹಾರ ಬೇಕು, ನಿಜ. ಆದರೆ ಪರಿಹಾರವೆಂಬುದು ಸತ್ತ ಮೇಲೆ ಕೊಡುವ ಹಣ. ಸಾಯದಂತೆ ನೋಡಿಕೊಳ್ಳಲು ಕಾನೂನಿನಲ್ಲಿ ಏನಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ 2006ರ ಕಾಯ್ದೆಯನ್ನು ತೆರೆದು ನೋಡಿ. ತನ್ನ ನಿರ್ದೇಶನಗಳನ್ನು ಉಲ್ಲಂಘಿಸಿದ ಸಂಸ್ಥೆಗೆ ಮಂಡಳಿಯು 28ನೆಯ ಕಲಮಿನಡಿ ವಿಧಿಸಬಹುದಾದ ಸಿವಿಲ್ ದಂಡ ಪ್ರತಿ ಉಲ್ಲಂಘನೆಗೆ ಗರಿಷ್ಠ 1 ಕೋಟಿ ರೂಪಾಯಿ. ತಪ್ಪು ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ ಹೆಚ್ಚುವರಿ. ವರ್ಷಕ್ಕೆ ಸಾವಿರಾರು ಕೋಟಿ ಲಾಭ ಗಳಿಸುವ ಸಂಸ್ಥೆಗೆ ಇದು ದಂಡವೇ, ಅಥವಾ ಚಿಲ್ಲರೆ ಖರ್ಚೇ? ವಿಪರ್ಯಾಸವೆಂದರೆ, ಅದೇ ಕಲಮಿನಲ್ಲಿ ವ್ಯಾಪಾರಿ ಪೈಪೋಟಿಗೆ ಅಡ್ಡಿ ಮಾಡಿದ ದೂರಿಗೆ ಅಕ್ರಮ ಲಾಭದ ಐದು ಪಟ್ಟು ಅಥವಾ 10 ಕೋಟಿ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ ವಿಧಿಸಲು ಅವಕಾಶವಿದೆ. ಅಂದರೆ ಇನ್ನೊಬ್ಬ ವ್ಯಾಪಾರಿಯ ಲಾಭಕ್ಕೆ ಧಕ್ಕೆ ತಂದರೆ ಹತ್ತು, ಸುರಕ್ಷತೆಯ ಆದೇಶ ಮುರಿದರೆ ಒಂದು!

ಇನ್ನೂ ಹಳೆಯದಾದ 1962ರ ಕೊಳವೆ ಮಾರ್ಗ ಕಾಯ್ದೆ ನಮ್ಮ ಊರಿನ ಬಡ ರೈತನಿಗೆ ಚೆನ್ನಾಗಿ ಪರಿಚಿತ. ಅವನ ಜಮೀನಿನ ಅಡಿಯಲ್ಲಿ ಕೊಳವೆ ಹಾಕಿ, ಮಾರುಕಟ್ಟೆ ಮೌಲ್ಯದ ಶೇ. 10ರಷ್ಟು ಕೊಟ್ಟು, ಅದರ ಮೇಲೆ ಮನೆ ಕಟ್ಟಬೇಡ, ಬಾವಿ ತೋಡಬೇಡ, ಮರ ನೆಡಬೇಡ ಎನ್ನುವ ಕಾಯ್ದೆ ಅದು. ಕೊಳವೆಗೆ ಕನ್ನ ಹಾಕಿ ತೈಲ ಕದ್ದವನಿಗೆ ತಿದ್ದುಪಡಿಯ ಬಳಿಕ 10 ವರ್ಷಗಳವರೆಗೆ ಕಠಿಣ ಸಜೆ. ಕಳ್ಳನಿಗೆ ಶಿಕ್ಷೆಯಾಗಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಕೊಳವೆಯನ್ನು ತುಕ್ಕು ಹಿಡಿಯಲು ಬಿಟ್ಟು ಊರನ್ನೇ ಸುಟ್ಟವನ ಮೇಲೆ ಕೊನೆಗೆ ಬೀಳುವುದು ನಿರ್ಲಕ್ಷ್ಯದಿಂದ ಸಾವು ಎಂಬ ಮೊಕದ್ದಮೆ ಮಾತ್ರ. ಆ ಮೊಕದ್ದಮೆಯ ಗತಿಯೇನೆಂದು ಭೋಪಾಲ್ ನಮಗೆ ಕಲಿಸಿದೆ. 1984ರ ಡಿಸೆಂಬರಿನ ರಾತ್ರಿಗೆ ತೀರ್ಪು ಬಂದದ್ದು 2010ರ ಜೂನ್‌ನಲ್ಲಿ. ಶಿಕ್ಷೆ ಎರಡು ವರ್ಷ, ಜಾಮೀನು ಅದೇ ದಿನ.

ಅಮೆರಿಕದ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 2010ರಲ್ಲಿ ಪಿಜಿ ಅಂಡ್ ಇ ಕಂಪೆನಿಯ ಅನಿಲ ಕೊಳವೆ ಸಿಡಿದು 8 ಮಂದಿ ಸತ್ತಾಗ, 2015ರಲ್ಲಿ ಆ ರಾಜ್ಯದ ನಿಯಂತ್ರಣ ಆಯೋಗ ಕಂಪೆನಿಗೆ 160 ಕೋಟಿ ಡಾಲರ್ ದಂಡ ವಿಧಿಸಿತು. ಅದರಲ್ಲಿ 85 ಕೋಟಿ ಡಾಲರನ್ನು ಕೊಳವೆಗಳ ಸುರಕ್ಷತೆಗೇ ವ್ಯಯಿಸಬೇಕೆಂದೂ, ಹೊರೆ ಗ್ರಾಹಕರ ಮೇಲಲ್ಲ, ಷೇರುದಾರರ ಮೇಲೆ ಬೀಳಬೇಕೆಂದೂ ಆಜ್ಞಾಪಿಸಿತು. ಮೆಚ್ಚತಕ್ಕದ್ದೇ. ಆದರೆ ಅದೇ ಕಂಪೆನಿಯ ವಿದ್ಯುತ್ ತಂತಿಯಿಂದ 2018ರಲ್ಲಿ ಪ್ಯಾರಡೈಸ್ ಎಂಬ ಪಟ್ಟಣವೇ ಸುಟ್ಟುಹೋಯಿತು. 84 ಮಂದಿಯ ಸಾವಿಗೆ ಕಂಪೆನಿ 2020ರಲ್ಲಿ ತಪ್ಪೊಪ್ಪಿಕೊಂಡಿತು. ಜೈಲಿಗೆ ಹೋದವರು ಯಾರೂ ಇಲ್ಲ. ಹಣದ ದಂಡ ಎಷ್ಟೇ ದೊಡ್ಡದಾಗಿರಲಿ, ಅದು ಕುರ್ಚಿಯಲ್ಲಿ ಕುಳಿತವನ ಮೈಗೆ ತಾಗದಿದ್ದರೆ ವ್ಯರ್ಥ.

ನಮ್ಮಲ್ಲಂತೂ ಈ ಮಾತು ಇನ್ನೂ ನಿಜ. ಗೇಲ್ ಸರಕಾರದ ಒಡೆತನದ್ದು. ಅದಕ್ಕೆ ದಂಡ ಹಾಕುವುದೆಂದರೆ ಸರಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಣ ಹಾಕಿದಂತೆ ಎಂದು ವಾದಿಸುವವರಿದ್ದಾರೆ. ಒಪ್ಪೋಣ. ಹಾಗಾದರೆ ದಂಡವನ್ನು ಏರಿಸುವುದರ ಜೊತೆಗೆ, ಸುರಕ್ಷಿತವೆಂದು ಸಹಿ ಹಾಕಿದ ವ್ಯಕ್ತಿಯನ್ನೂ ಹೆಸರಿಸಿ ಹೊಣೆಗಾರನನ್ನಾಗಿಸಿ. ದಂಡದ ಮೊತ್ತ ಖಜಾನೆಗೆ ಹೋಗದೆ ಕೊಳವೆ ಹಾದುಹೋದ ಊರಿಗೇ ಸಲ್ಲಲಿ.

ಪ್ರಭುತ್ವ ಸಾಗುತ್ತಿರುವ ದಿಕ್ಕು ಮಾತ್ರ ಬೇರೆ. ತೈಲಕ್ಷೇತ್ರಗಳ 1948ರ ಕಾಯ್ದೆಗೆ 2025ರಲ್ಲಿ ಸಂಸತ್ತು ತಿದ್ದುಪಡಿ ತಂದಿತು. ಸಾವಿರ ರೂಪಾಯಿಯ ಹಾಸ್ಯಾಸ್ಪದ ದಂಡ 25 ಲಕ್ಷಕ್ಕೆ ಏರಿತು, ಸರಿ. ಆರು ತಿಂಗಳ ಸೆರೆವಾಸದ ಭಯ ಅಳಿಸಿಹೋಯಿತು. ಆ ಕಾಯ್ದೆ ತೈಲ ತೆಗೆಯುವುದಕ್ಕೆ ಸಂಬಂಧಿಸಿದ್ದು, ಕೊಳವೆಗಲ್ಲ. ಆದರೂ ಉದ್ಯಮಿಗೆ ಸಂದೇಶ ತಲುಪಿದೆ: ಹಣವಿದ್ದರೆ ಸಾಕು.

ಇದು ದೂರದ ಗೋದಾವರಿಯ ಮಾತೆಂದು ಪುಟ ಮಗುಚಬೇಡಿ. ದಾಭೋಳದಿಂದ ಬೆಂಗಳೂರಿಗೆ ಬರುವ ಅನಿಲ ಕೊಳವೆ ನಮ್ಮ ಉತ್ತರ ಮತ್ತು ಮಧ್ಯ ಕರ್ನಾಟಕದ ಹೊಲಗಳ ಅಡಿಯಲ್ಲಿದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರಿನ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಗೊಂಡಿದೆ. ಆ ಮಾರ್ಗದ ಮುಕ್ಕಂನಲ್ಲಿ 2017ರಲ್ಲಿ ಮನೆಗಳ ಪಕ್ಕದಲ್ಲಿ ಕೊಳವೆ ಬೇಡವೆಂದು ಬೀದಿಗಿಳಿದವರಿಗೆ ಉಗ್ರಗಾಮಿಗಳೆಂಬ ಬಿರುದು ಸಿಕ್ಕಿತ್ತು. ಅವರ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಬಿರುದು ಕೊಡುವುದು ಸುಲಭವಷ್ಟೆ. ಈಗ ಮಂಗಳೂರು, ಬೆಂಗಳೂರುಗಳಲ್ಲಿ ಆ ಅನಿಲ ಸಿಲಿಂಡರಿಲ್ಲದೆ ನೇರವಾಗಿ ಅಡುಗೆಮನೆಗೇ ಬರುತ್ತಿದೆ. ಒಳ್ಳೆಯದೇ. ಆದರೆ ಆ ಕೊಳವೆಯನ್ನು ಕೊನೆಯ ಬಾರಿ ಯಾರು, ಯಾವಾಗ ತಪಾಸಣೆ ಮಾಡಿದರು ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಲು ಏನು ಅಡ್ಡಿ? ನಮ್ಮ ಶಾಸಕರು, ಸಂಸದರು ಇದನ್ನು ಕೇಳಬೇಕು, ಮತ ಕೇಳಲು ಬಂದಾಗ ನಾವು ಅವರನ್ನು ಕೇಳಬೇಕು.

ರಸ್ತೆ ಬದಿಯಲ್ಲಿ ಕೊಳವೆ ಮಾರ್ಗದ ಎಚ್ಚರಿಕೆ ಫಲಕಗಳನ್ನು ನೀವು ನೋಡಿರಬಹುದು. ಸೋರಿಕೆ ಕಂಡರೆ ತಿಳಿಸಿ ಎಂದು ಅದರಲ್ಲಿ ಬರೆದಿರುತ್ತದೆ. ತಾವು ಮೊದಲೇ ತಿಳಿಸಿದ್ದೆವೆಂದು ನಗರಂನ ಜನರೂ ಹೇಳಿದ್ದರು.