ಕಟ್ಟಿ ಬಿಡಿಸುವ ನಾಲ್ಕು ದಿನ

ಮಾರ್ಚ್ ಕೊನೆಯ ವಾರ ಮಲೆನಾಡಿನ ಸೊಸೈಟಿಗಳಲ್ಲಿ ಬೆಳೆಸಾಲ ಕಟ್ಟುವವರ ಸಾಲು ಇರುತ್ತದೆ. ಎಷ್ಟೋ ಜನರ ಕೈಯಲ್ಲಿರುವ ದುಡ್ಡು ಅವರದಲ್ಲ. ಭಾವನಿಂದಲೋ ಪೇಟೆಯ ಬಡ್ಡಿಯವನಿಂದಲೋ ನಾಲ್ಕು ದಿನದ ಮಟ್ಟಿಗೆ ತಂದ ಕೈಗಡ. ಗಡುವಿನೊಳಗೆ ಹಳೆಯ ಸಾಲ ಕಟ್ಟಿದರೆ ಸೊನ್ನೆ ಬಡ್ಡಿಯ ಸವಲತ್ತು ಉಳಿಯುತ್ತದೆ, ಹೊಸ ಸಾಲ ಸಿಗುತ್ತದೆ, ಅದರಿಂದ ಕೈಗಡ ತೀರುತ್ತದೆ. ಕಳೆದ ಸಲ ಪಕ್ಕದಲ್ಲಿ ನಿಂತಿದ್ದ ಪರಿಚಯದವರೊಬ್ಬರನ್ನು ಕೇಳಿದೆ: "ಹೊಸ ಸಾಲ ಬರೋದು ತಡವಾದರೆ?" ಅವರು ರಸೀದಿ ಮಡಚಿ ಜೇಬಿಗಿಡುತ್ತ, "ಹಾಗೆಲ್ಲ ಆಗೂದಿಲ್ಲ ಮಾರಾಯ್ರೆ, ವರ್ಷಾ ವರ್ಷಾ ಬರ್ತದಲ್ಲ" ಅಂದರು.

2018ರಲ್ಲಿ ಮುಂಬೈಯ ದೊಡ್ಡ ದೊಡ್ಡ ಹಣಕಾಸು ಕಂಪನಿಗಳೂ ಇದನ್ನೇ ನಂಬಿಕೊಂಡಿದ್ದವು. ಐಎಲ್ ಅಂಡ್ ಎಫ್‌ಎಸ್ ಸಮೂಹ ಹೆದ್ದಾರಿ, ಸುರಂಗ, ವಿದ್ಯುತ್ ಸ್ಥಾವರಗಳಿಗೆ ಹಣ ಹಾಕುತ್ತಿತ್ತು. ಅಂಥ ಕಡೆ ಹಾಕಿದ ಹಣ ಟೋಲ್ ರೂಪದಲ್ಲಿ ಮರಳಲು ಹದಿನೈದು ಇಪ್ಪತ್ತು ವರ್ಷ ಬೇಕು. ಸಾಲದ ಒಂದು ಪಾಲು ಮಾತ್ರ ಕಮರ್ಷಿಯಲ್ ಪೇಪರಿನದು, ಅಂದರೆ ಏಳು ದಿನದಿಂದ ಒಂದು ವರ್ಷದೊಳಗೆ ತೀರಿಸಬೇಕಾದ, ಅಡವಿಲ್ಲದ ಪತ್ರ. ಹಳೆಯ ಪತ್ರದ ವಾಯಿದೆ ಬಂದಾಗ ಹೊಸ ಪತ್ರ ಬರೆದುಕೊಟ್ಟು ತೀರಿಸುವುದು ರೂಢಿ. ಸೆಪ್ಟೆಂಬರ್‌ನಲ್ಲಿ ಅದು ನಿಂತಿತು. ಸುಮಾರು 91,000 ಕೋಟಿ ರೂಪಾಯಿ ಸಾಲದ ಸಮೂಹ ಕಂತು ತಪ್ಪಿಸಿತು. ಆ ಆಗಸ್ಟ್‌ವರೆಗೂ ಅದರ ಹೆಸರಿನ ಮುಂದೆ ಟ್ರಿಪಲ್ ಎ ರೇಟಿಂಗ್ ಇತ್ತು. ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಅದರ ಆಡಳಿತ ಮಂಡಳಿಯನ್ನೇ ಬದಲಿಸಿತು.

ಅದರ ಲೆಕ್ಕಪತ್ರ ಎಷ್ಟು ಹದಗೆಟ್ಟಿತ್ತು ಎಂಬುದು ಬೇರೆ ಕಥೆ. ನನ್ನ ಕುತೂಹಲ ನೆರೆಯವರಿಗೆ ಏನಾಯಿತು ಎನ್ನುವುದರಲ್ಲಿ. ಸೆಪ್ಟೆಂಬರ್ 21ರಂದು ಒಂದು ಮ್ಯೂಚುವಲ್ ಫಂಡ್ ತನ್ನಲ್ಲಿದ್ದ ಡಿಎಚ್‌ಎಫ್‌ಎಲ್ ಪತ್ರಗಳನ್ನು ಕಡಿಮೆ ಬೆಲೆಗೆ ಮಾರಿದ ಸುದ್ದಿ ಹಬ್ಬಿತು. ಒಂದೇ ದಿನದಲ್ಲಿ ಆ ಗೃಹಸಾಲ ಕಂಪನಿಯ ಷೇರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಕುಸಿಯಿತು. ಅಂದಿಗೆ ಅದು ಯಾರ ಸಾಲವನ್ನೂ ತಪ್ಪಿಸಿರಲಿಲ್ಲ. ಆದರೆ "ಇವರ ಪತ್ರವನ್ನು ಮುಂದಿನ ಸಲ ಯಾರಾದರೂ ಕೊಳ್ಳುತ್ತಾರೆಯೆ?" ಎಂಬ ಪ್ರಶ್ನೆ ಎದ್ದ ಮೇಲೆ ಉಳಿದವರೂ ಕೈ ಬಿಗಿಹಿಡಿದರು. ವಾಹನ ಸಾಲ, ಸಣ್ಣ ಉದ್ಯಮದ ಸಾಲ ಕೊಡುತ್ತಿದ್ದ ಕಂಪನಿಗಳಿಗೂ ಹಣ ಹುಟ್ಟುವುದು ಕಷ್ಟವಾಯಿತು.

ಹಾಗಾದರೆ ಅಲ್ಪಾವಧಿ ಸಾಲವೇ ಕೆಟ್ಟದ್ದೆ? ಹಳೆಯ ಬಿಲ್ಲು, ಹುಂಡಿಗಳ ವ್ಯಾಪಾರ ನೋಡಿದರೆ ಹಾಗನ್ನಿಸುವುದಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ, ಅಲ್ಲಿಂದ ಮುಂಬೈಗೆ, ಮುಂದೆ ಇಂಗ್ಲೆಂಡಿಗೆ ಹೋಗುತ್ತಿತ್ತು. ಇಂಥ ವ್ಯಾಪಾರದಲ್ಲಿ ಹತ್ತಿ ಕಳಿಸಿದವನು ಕೊಳ್ಳುವವನ ಮೇಲೆ ಕೆಲವು ತಿಂಗಳ ಬಿಲ್ಲು ಬರೆಯುತ್ತಾನೆ, ಬ್ಯಾಂಕು ಬಡ್ಡಿ ಮುರಿದುಕೊಂಡು ಅವನಿಗೆ ನಗದು ಕೊಡುತ್ತದೆ, ವಾಯಿದೆಯ ಹೊತ್ತಿಗೆ ಹತ್ತಿ ಮಾರಿಹೋಗಿ ಬಿಲ್ಲು ತಾನಾಗಿ ತೀರುತ್ತದೆ. ಪತ್ರದ ಮೇಲಿನ ತಾರೀಖಿಗೂ ಹಡಗಿನ ಓಟಕ್ಕೂ ನಂಟು ಇರುತ್ತದೆ. ನಮ್ಮ ಅಡಿಕೆ ಮಂಡಿಯವರು ಮಳೆಗಾಲದಲ್ಲಿ ಮುಂಗಡ ಕೊಟ್ಟು ಕೊಯ್ಲಾದ ಮೇಲೆ ಮುರಿದುಕೊಳ್ಳುವುದೂ ಇದೇ ಜಾತಿಯ ಸಾಲ.

ಆ ನಂಟು ಹರಿದಾಗ ಏನಾಗುತ್ತದೆ ಎನ್ನುವುದನ್ನು ಲಂಡನ್ನಿನ ಓವರೆಂಡ್ ಗರ್ನಿ ತೋರಿಸಿತು. ಬಿಲ್ಲು ಕೊಳ್ಳುವುದರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಿಟ್ಟರೆ ತಾನೇ ಎಂಬಂತಿದ್ದ ಸಂಸ್ಥೆ, ಕರೆದಾಗ ಕೊಡಬೇಕಾದ ಹಣವನ್ನು ಹಡಗು, ರೈಲು ಕಂಪನಿಗಳ ದೀರ್ಘ ವ್ಯವಹಾರಗಳಲ್ಲಿ ಸಿಕ್ಕಿಸಿಕೊಂಡಿತು. 1866ರ ಮೇ 10ರಂದು ಬಾಗಿಲು ಹಾಕಿದಾಗ ಸಾಲ ಸುಮಾರು 1 ಕೋಟಿ 10 ಲಕ್ಷ ಪೌಂಡ್. ಬ್ಯಾಂಕ್ ಆಫ್ ಇಂಗ್ಲೆಂಡ್ ಅದನ್ನು ಉಳಿಸಲಿಲ್ಲ. ಆದರೆ ಮರುದಿನದ ಗಾಬರಿಯಲ್ಲಿ, ಒಳ್ಳೆಯ ಪತ್ರ ತಂದ ಇತರರಿಗೆ ಧಾರಾಳವಾಗಿ ಸಾಲ ಕೊಟ್ಟಿತು, ಬಡ್ಡಿಯನ್ನು ನೂರಕ್ಕೆ ಹತ್ತಕ್ಕೇರಿಸಿತು. 1873ರಲ್ಲಿ ಇಂಗ್ಲೆಂಡಿನ ಪತ್ರಕರ್ತ ವಾಲ್ಟರ್ ಬ್ಯಾಜಟ್ ಇದನ್ನೇ ಕೇಂದ್ರ ಬ್ಯಾಂಕುಗಳ ಸೂತ್ರವಾಗಿ ಬರೆದ: ಗಾಬರಿಯ ಹೊತ್ತಿನಲ್ಲಿ ಕೈಬಿಚ್ಚಿ ಕೊಡಿ, ಆದರೆ ಗಟ್ಟಿ ಅಡವಿನ ಮೇಲೆ, ಹೆಚ್ಚಿನ ಬಡ್ಡಿಗೆ. ಇವತ್ತು ಸಂಕಟ ಬಂದಾಗ ಎಲ್ಲರಿಗೂ ನೆನಪಾಗುವುದು ಮೊದಲರ್ಧ ಮಾತ್ರ.

ಅಲ್ಪಾವಧಿ ಸಾಲವನ್ನು ಹೀಗೆ ಮತ್ತೆ ಮತ್ತೆ ಹೊಸದು ಮಾಡಿಕೊಳ್ಳುವುದಕ್ಕೊಂದು ಸಮರ್ಥನೆ ಇದೆ, ಹಗುರವಾದದ್ದೂ ಅಲ್ಲ. ಮೂರು ತಿಂಗಳಿಗೊಮ್ಮೆ ಸಾಲ ಹೊಸದಾಗಬೇಕಾದರೆ ಕೊಡುವವನು ಮೂರು ತಿಂಗಳಿಗೊಮ್ಮೆ ಸಾಲಗಾರನ ಮುಖ ನೋಡುತ್ತಾನೆ, ಶಿಸ್ತು ಬರುತ್ತದೆ, ಬಡ್ಡಿಯೂ ಇಳಿಯುತ್ತದೆ ಎನ್ನುತ್ತಾರೆ. ನಾನು ಒಪ್ಪಲಾರೆ. ಒಳ್ಳೆಯ ದಿನಗಳಲ್ಲಿ ಯಾರೂ ನೋಡುವುದಿಲ್ಲ, ರೇಟಿಂಗ್ ನೋಡಿ ಸಹಿ ಹಾಕುತ್ತಾರೆ. ನೋಡಿದಾಗ ಎಲ್ಲರೂ ಒಂದೇ ದಿನ ನೋಡುತ್ತಾರೆ. ಬಡ್ಡಿಯಲ್ಲಿ ಉಳಿದದ್ದು ಕಂಪನಿಯ ಲಾಭದ ಲೆಕ್ಕಕ್ಕೆ ಸೇರಿರುತ್ತದೆ. ಸಾಲ ಮರಳಿ ಹುಟ್ಟದ ದಿನದ ಖರ್ಚು ಮಾತ್ರ ಸಂಬಂಧವೇ ಇಲ್ಲದ ಲಾರಿ ಮಾಲೀಕನ ತಲೆಗೆ ಬರುತ್ತದೆ. ಆದ್ದರಿಂದ ಅಂಥ ಹಣದಲ್ಲಿ ಬದುಕುವವರು ಅದರ ಅಪಾಯದ ಬೆಲೆಯನ್ನು ಮುಂಚೆಯೇ ತೆರಬೇಕು ಎನ್ನುವುದು ನನ್ನ ವಾದ. ರಿಸರ್ವ್ ಬ್ಯಾಂಕ್ 2020ರ ಡಿಸೆಂಬರ್‌ನಿಂದ ದೊಡ್ಡ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಮೂವತ್ತು ದಿನದ ಒತ್ತಡ ತಡೆಯುವಷ್ಟು ಸುಲಭವಾಗಿ ನಗದಾಗುವ ಆಸ್ತಿಯನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಹಣ ಸುಮ್ಮನೆ ಕೊಳೆಯುತ್ತದೆ ಎಂದು ಗೊಣಗುವವರಿದ್ದಾರೆ. ಮೂವತ್ತೊಂದನೆಯ ದಿನದ ಗತಿ ಏನು ಎನ್ನುವುದು ನನ್ನ ಗೊಣಗಾಟ.

ಎಲ್ಲರೂ ಒಂದೇ ದಿನ ವಾಪಸು ಕೇಳದ ಹಣವೂ ಇದೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆಯವರು ಪಿಗ್ಮಿ ಠೇವಣಿ ಶುರುಮಾಡಿದಾಗ ಏಜೆಂಟ್ ದಿನವೂ ಅಂಗಡಿ ಅಂಗಡಿಗೆ ಹೋಗಿ ಎರಡಾಣೆ ಎತ್ತುತ್ತಿದ್ದ. ಕಮಿಷನ್ನಿನ ಖರ್ಚು, ರಸೀದಿಯ ರಗಳೆ. ಆದರೆ ಸಾವಿರ ಮನೆಗಳಿಗೆ ಸಾವಿರ ಅಗತ್ಯ. ಮಗಳ ಮದುವೆ, ಹಂಚು ಹೊದಿಸುವ ಕೆಲಸ ಎಲ್ಲರಿಗೂ ಒಂದೇ ಬೆಳಿಗ್ಗೆ ಬರುವುದಿಲ್ಲ. ಬೆದರಿದರೆ ಸಣ್ಣ ಠೇವಣಿದಾರನೂ ಓಡಿಬರುತ್ತಾನೆ, ನಿಜ. ಅದಕ್ಕೇ ಠೇವಣಿ ವಿಮೆ ಇರುವುದು, 2020ರಲ್ಲಿ ಅದು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಕಮರ್ಷಿಯಲ್ ಪೇಪರ್ ಕೊಂಡವರಿಗೆ ಅಂಥ ವಿಮೆಯಿಲ್ಲ, ಇರಲೂಬಾರದು.

ಸೊಸೈಟಿಯಲ್ಲಿ ಸಿಕ್ಕಿದ್ದವರು ಮತ್ತೆ ಕಂಡದ್ದು ಏಪ್ರಿಲ್ ಕೊನೆಗೆ. ಮೇಲಿಂದ ದುಡ್ಡು ಬರುವುದು ತಡವಾಗಿ, ನಾಲ್ಕು ದಿನದ ಕೈಗಡ ಹದಿನೆಂಟು ದಿನಕ್ಕೆ ಹೋಯಿತಂತೆ. ದರ ಏರಲಿ ಎಂದು ಅಟ್ಟದ ಮೇಲಿಟ್ಟಿದ್ದ ಎರಡು ಚೀಲ ಅಡಿಕೆಯನ್ನು ಅಂದಿನ ದರಕ್ಕೇ ಮಂಡಿಗೆ ಹಾಕಿದ್ದರು.